ಗೊಬ್ಬರದ ಗುಂಡಿಗೆ ಹೋಗುವ ದಾರಿ

ಪ್ರತಿ ಶನಿವಾರ ಸಂಜೆ ಗ್ರಂಥಾಲಯದ ಹಾಲ್‌ನಲ್ಲಿ ತೋಟಗಾರಿಕೆಯ ತರಗತಿ ನಡೆಯುತ್ತಿತ್ತು. ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಪಾರ್ಕಿನಿಂದ ಕುಂಡಗಳನ್ನು ಹೊತ್ತು ತಂದು ವೇದಿಕೆಯ ಮೇಲೆ ಜೋಡಿಸುವುದು ಮಾಲಿಯ ಕೆಲಸ. ಮುಗಿದ ಮೇಲೆ ಹೊತ್ತು ವಾಪಸು ಮುಟ್ಟಿಸುವುದೂ ಅವನದೇ. ನಡುವಿನ ಒಂದೂವರೆ ಗಂಟೆ ಅವನು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿರುತ್ತಿದ್ದ. ಕುರ್ಚಿ ಇರಲಿಲ್ಲವೆಂದಲ್ಲ, ಕೂತರೆ ನಿದ್ದೆ ಹತ್ತುತ್ತಿತ್ತು.

ಪಾಠ ಹೇಳುತ್ತಿದ್ದವರು ಉದ್ಯಾನ ವಿನ್ಯಾಸ ಓದಿಕೊಂಡು ಬಂದ ಒಬ್ಬ ಮೇಡಂ. ಮೂವತ್ತರ ಆಸುಪಾಸಿನ ವಯಸ್ಸು, ಸಣ್ಣ ದನಿ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಮೊದಲ ವಾರ ಅವರು ಮಾಲಿ ಹೊತ್ತು ತಂದ ಡೇರೆ ಹೂವಿನ ಕುಂಡವನ್ನು ತೋರಿಸಿ, ಎಲೆಯ ಈ ಬಣ್ಣ ನೋಡಿ, ಮಣ್ಣು ಚೆನ್ನಾಗಿದ್ದರೆ ಮಾತ್ರ ಇದು ಬರುತ್ತದೆ ಎಂದಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಆ ಮಣ್ಣು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಮಾಲಿಯೂ ಹೇಳಲಿಲ್ಲ. ಪಾರ್ಕಿಗೆ ಕಚೇರಿಯವರು ಕಳಿಸುವ ಗೊಬ್ಬರದಲ್ಲಿ ಅರ್ಧ ಕಲ್ಲು, ಅರ್ಧ ಪ್ಲಾಸ್ಟಿಕ್ ಚೂರು. ಹಾಗಾಗಿ ಅವನು ಹದಿನೆಂಟು ವರ್ಷದಿಂದ ತನ್ನ ಮನೆಯ ಹಿತ್ತಿಲ ಗುಂಡಿಯಲ್ಲಿ ಮಾಗಿಸಿದ ಗೊಬ್ಬರವನ್ನೇ ಚೀಲದಲ್ಲಿ ತುಂಬಿ ಸೈಕಲ್ಲಿನ ಹಿಂದೆ ಕಟ್ಟಿ ಒಯ್ಯುತ್ತಿದ್ದ. ಪಾರ್ಕಿನ ಹೂವೆಲ್ಲ ತನ್ನ ಮನೆಯ ತರಕಾರಿ ಸಿಪ್ಪೆಯಿಂದ ಅರಳಿದ್ದು ಎಂಬ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಅದನ್ನು ನೆನೆದುಕೊಂಡು ಅವನು ಒಳಗೊಳಗೇ ಮೀಸೆ ತಿರುವುತ್ತಿದ್ದ.

ಎರಡನೆಯ ವಾರ ಆ ಹಾಲ್‌ಗೆ ಅವನ ಹೆಂಡತಿ ಬಂದಳು. ಬಂದದ್ದು ಪಾಠ ಕೇಳಲಿಕ್ಕಲ್ಲ. ಅವಳು ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡ ಟೈಲರ್. ಹಾಲ್‌ನ ಕಿಟಕಿಗಳಿಗೆ ಪರದೆ ಹೊಲಿಯಲು ಅಳತೆ ತೆಗೆದುಕೊಳ್ಳಬೇಕಿತ್ತು. ನಾಲ್ಕು ಕಿಟಕಿ ಅಳೆಯುವಷ್ಟರಲ್ಲಿ ಪಾಠ ಶುರುವಾಯಿತು. ಎದ್ದು ಹೋದರೆ ಮರ್ಯಾದೆಯಲ್ಲವೆಂದು ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಹಿಂದಿನ ಸಾಲಿನಲ್ಲಿ ಕೂತಳು. ಮೇಡಂ ಬೋರ್ಡಿನ ಮೇಲೆ ಒಂದು ಹಿತ್ತಿಲನ್ನು ಅಳತೆಗೆ ತಕ್ಕಂತೆ ಚಿಕ್ಕದಾಗಿ ಬರೆದು, ಇಲ್ಲಿ ಕತ್ತರಿಸಿ ಅಲ್ಲಿ ಸೇರಿಸುವುದನ್ನು ತೋರಿಸುತ್ತಿದ್ದರು. ಬಟ್ಟೆ ಕತ್ತರಿಸಿ ಪಳಗಿದ ಅವಳಿಗೆ ಅದು ತನ್ನದೇ ಕಸುಬಿನಂತೆ ಕಂಡಿತು. ಮುಂದಿನ ಶನಿವಾರ ಅವಳು ಮೊದಲ ಸಾಲಿನಲ್ಲಿದ್ದಳು.

ಅಂದಿನಿಂದ ಮಾಲಿಯ ಮನೆಯಲ್ಲಿ ಗಾಳಿಯೇ ಬದಲಾಯಿತು. ಮೂವತ್ತು ವರ್ಷ ಗಿಡಗಳ ನಡುವೆ ಬದುಕಿದ ಗಂಡ ಒಂದು ಮಾತು ಹೇಳಿದರೆ ಮಿಷನ್ನಿನ ಸದ್ದು ನಿಲ್ಲಿಸದೆ ಹೂಂ ಎನ್ನುತ್ತಿದ್ದವಳು ಈಗ ಊಟಕ್ಕೆ ಬಡಿಸುತ್ತ, ಬೇರಿಗೆ ಗಾಳಿ ಬೇಕಂತೆ, ಗೋಡೆಯ ಬುಡದಲ್ಲಿ ನೆರಳಿನ ಗಿಡವೇ ಇಡಬೇಕಂತೆ ಎಂದು ಅವನಿಗೇ ಪಾಠ ಒಪ್ಪಿಸತೊಡಗಿದಳು. ಅದನ್ನೆಲ್ಲ ತಾನು ಮದುವೆಯಾದ ವರ್ಷವೇ ಹೇಳಿದ್ದೆನೆಂದು ಅವನು ಒಮ್ಮೆ ಗೊಣಗಿದ. ನೀವು ಹೇಳಿದ್ದು ಗೊಣಗಿದ ಹಾಗಿತ್ತು, ಮೇಡಂ ಬಿಡಿಸಿ ಹೇಳುತ್ತಾರೆ ಎಂದಳು. ಅವಳ ತಾಯಿ ಇವರ ಜೊತೆಯಲ್ಲೇ ಇದ್ದಳು. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು ಹೊತ್ತು ಕಳೆಯುವ ಆ ಮುದುಕಿ, ಅಳಿಯಂದಿರಿಗೂ ಒಂದು ಸೀಟು ಹಿಡಿಯೇ ಎಂದು ಮಗಳಿಗೆ ಹೇಳಿ ಬೊಚ್ಚುಬಾಯಲ್ಲಿ ನಕ್ಕಳು.

ಇಷ್ಟಾದರೂ ಮಾಲಿ ಸಹಿಸಿಕೊಂಡಿದ್ದ. ಐದನೆಯ ವಾರ ಹೆಂಡತಿ ತಮ್ಮದೇ ಹಿತ್ತಿಲ ನಕ್ಷೆ ಬರೆದು ತಂದು ಅವನ ಮುಂದೆ ಬಿಡಿಸಿದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ತಂತಿ, ಸೀಬೆ ಮರ, ಬಚ್ಚಲು, ಎಲ್ಲ ಇಂಚಿಂಚೂ ಸರಿಯಾಗಿತ್ತು. ಮೂಲೆಯಲ್ಲಿ ಗೊಬ್ಬರದ ಗುಂಡಿ ಇರಬೇಕಾದ ಕಡೆ ಒಂದು ಕಲ್ಲು ಬೆಂಚೂ ಅದರ ಸುತ್ತ ದುಂಡನೆಯ ಹೂವಿನ ಮಡಿಯೂ ಇದ್ದವು.

ಗುಂಡಿ ಎಲ್ಲಿ ಹೋಯಿತೆಂದು ಅವನು ಕೇಳಿದ. ಮುಚ್ಚುವುದು ಎಂದಳು. ಹೊಲಿಯುತ್ತ ಕೂತವಳು ಕತ್ತೆತ್ತಿದರೆ ಕಿಟಕಿಯಿಂದ ಮೊದಲು ಕಾಣುವುದೇ ಆ ಕೊಳೆತ ಗುಡ್ಡೆ. ಕಣ್ಣು ಹೋಗಿ ನಿಲ್ಲುವ ಜಾಗದಲ್ಲಿ ಚೆಂದದ್ದು ಏನಾದರೂ ಇರಬೇಕು. ಹಿತ್ತಿಲಲ್ಲಿ ಎಲ್ಲಕ್ಕಿಂತ ಒಳ್ಳೆಯ ಮೂಲೆ ಅದು. ಅವನು ಗೊಬ್ಬರದ ಮಹಿಮೆಯನ್ನು ಹೇಳಲು ಬಾಯಿ ತೆರೆದ. ಅವಳು ಒಂದೇ ಪ್ರಶ್ನೆ ಕೇಳಿದಳು.

"ದಿನಕ್ಕೆ ಎಷ್ಟು ಸಲ ಹೋಗ್ತೀರಿ ಅಲ್ಲಿಗೆ?"

ಅವನು ಯೋಚಿಸಿದ. ಬೆಳಿಗ್ಗೆ ಒಂದು ಸಲ. ಒಮ್ಮೊಮ್ಮೆ ಸಂಜೆ.

"ಒಂದು ಸಲ ಹೋಗೋ ಜಾಗಕ್ಕೆ ಅಷ್ಟು ಒಳ್ಳೆ ಮೂಲೆ ಯಾಕ್ರೀ? ನಾನು ಇಡೀ ದಿನ ನೋಡ್ಕೊಂಡು ಕೂತಿರ್ಬೇಕು."

ಮನೆ ಅವಳ ಕೈಯಲ್ಲಿ, ಅಂಗಳ ಅವಳ ಗಿರಾಕಿಗಳ ಪಾಲು, ಮೆಟ್ಟಿಲು ಅತ್ತೆಯದು. ಆ ಎಂಟಡಿ ಉದ್ದ ನಾಲ್ಕಡಿ ಅಗಲದ ಗುಂಡಿಯೊಂದೇ ಅವನದೆಂದು ಇದ್ದದ್ದು. ಅದೂ ಹೋದರೆ ತಾನು ಈ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಅವನಿಗೆ ತೋಚಲಿಲ್ಲ.

ಆ ಶನಿವಾರ ಮೇಡಂ ಎಲ್ಲರ ನಕ್ಷೆಗಳನ್ನೂ ನೋಡಿ, ಇವೆಲ್ಲ ಸುಂದರವಾಗಿವೆ, ಆದರೆ ಇವು ನಿಮ್ಮ ಆಸೆಯ ಹಿತ್ತಿಲು, ನೀವು ಬದುಕುವ ಹಿತ್ತಿಲಲ್ಲ ಎಂದರು. ಮನೆಕೆಲಸವಾಗಿ ಒಂದು ಎಣಿಕೆ ಕೊಟ್ಟರು. ಏಳು ದಿನ ಮನೆಯವರು ಹಿತ್ತಿಲಲ್ಲಿ ಎಲ್ಲೆಲ್ಲಿಗೆ ಎಷ್ಟು ಸಲ ಹೋಗುತ್ತಾರೆಂದು ಗುರುತು ಹಾಕಬೇಕು. ಹೆಚ್ಚು ಹೆಜ್ಜೆ ಬೀಳುವ ಜಾಗ ಎಂಥದೇ ಇರಲಿ, ಅದನ್ನು ಉಳಿಸಿಕೊಂಡೇ ವಿನ್ಯಾಸ ಮಾಡಬೇಕು. ಯಾರೂ ಹೋಗದ ಜಾಗವನ್ನು ಮುಲಾಜಿಲ್ಲದೆ ಒಡೆಯಬಹುದು. ತಮ್ಮ ನಿಂಬೆ ಗಿಡ ಕಾಯಿ ಬಿಡುತ್ತಿಲ್ಲವೆಂದು ಪ್ರತಿ ವಾರ ಕೇಳುತ್ತಿದ್ದ ನಿವೃತ್ತ ರೈಲ್ವೆ ಗಾರ್ಡು ಎದ್ದು ನಿಂತು, ಹೆಜ್ಜೆ ಎಣಿಸಿದರೆ ಕಾಯಿ ಬಿಡುತ್ತದೆಯೇ ಎಂದು ವಿಚಾರಿಸಿದರು. ಬಾಗಿಲಲ್ಲಿ ನಿಂತಿದ್ದ ಮಾಲಿಗೆ ನಿಂಬೆ ಗಿಡದ ಮಾತು ಕಿವಿಗೆ ಬೀಳಲಿಲ್ಲ. ಹೆಚ್ಚು ಹೆಜ್ಜೆ ಬೀಳುವ ಜಾಗ ಉಳಿಯುತ್ತದೆ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಭಾನುವಾರ. ಹೆಂಡತಿ ಕಿಟಕಿಯ ಬಳಿ ಮಿಷನ್ನಿನ ಪಕ್ಕ ಪುಸ್ತಕ ಪೆನ್ಸಿಲ್ ಇಟ್ಟುಕೊಂಡು ಕೂತಳು. ಮಾಲಿ ಒಂದು ಬುಟ್ಟಿ ಹಿಡಿದು ಗುಂಡಿಯತ್ತ ಹೊರಟ. ಹಿಂತಿರುಗಿ ಬಂದ. ಸೀಬೆಯ ಒಂದು ಒಣಗಿದ ಎಲೆ ಆರಿಸಿ ಮತ್ತೆ ಹೋದ. ಇನ್ನೊಂದು ಎಲೆ ಆರಿಸಿ ಇನ್ನೊಮ್ಮೆ ಹೋದ. ಮಧ್ಯಾಹ್ನ ಒಂದು ಬಾಳೆಹಣ್ಣು ತಿಂದು ಅದರ ಸಿಪ್ಪೆಯನ್ನು ಮೂರು ಸೀಳು ಮಾಡಿ ಮೂರು ಸಲ ಒಯ್ದು ಹಾಕಿದ. ಕೆಲಸದ ದಿನಗಳಲ್ಲೂ ಪಾರ್ಕಿಗೆ ಹೊರಡುವ ಮುಂಚೆ ಎಂಟು ಸಲ, ಊಟದ ಹೊತ್ತಿಗೆ ಬಂದು ಆರು ಸಲ, ಸಂಜೆ ಲೆಕ್ಕವಿಲ್ಲ. ಅವನ ಮೊಣಕಾಲು ನೋಯತೊಡಗಿತು. ಬಚ್ಚಲೂ ಕಕ್ಕಸೂ ಗುಂಡಿಯ ಪಕ್ಕದಲ್ಲೇ ಇದ್ದದ್ದು ಇನ್ನೊಂದು ಪೇಚಾಯಿತು. ಮೆಟ್ಟಿಲ ಮೇಲೆ ಕೂತ ಅತ್ತೆ ಎರಡು ದಿನ ನೋಡಿ ಮೂರನೆಯ ದಿನ ಮಗಳನ್ನು ಕರೆದು, ಅಳಿಯಂದಿರಿಗೆ ಹೊಟ್ಟೆ ಕೆಟ್ಟಿದೆ, ಪಾಪ ಬಾಯಿಬಿಟ್ಟು ಹೇಳಲಾರರು ಎಂದಳು. ಅಂದಿನಿಂದ ಅವನ ತಟ್ಟೆಗೆ ಖಾರವಿಲ್ಲ, ಎಣ್ಣೆಯಿಲ್ಲ. ಬೆಂದ ಅನ್ನ, ಉಪ್ಪು ಹಾಕಿದ ಬಿಸಿನೀರು. ಇಲ್ಲವೆಂದರೆ ಗುಟ್ಟು ಹೊರಬೀಳುತ್ತದೆ, ಹೌದೆಂದರೆ ಅನ್ನ ಸಪ್ಪೆ. ಅವನು ಸಪ್ಪೆಯನ್ನೇ ನುಂಗಿದ.

ಶನಿವಾರ ಎಲ್ಲರ ಕಾಗದಗಳನ್ನೂ ಬೋರ್ಡಿಗೆ ಚುಚ್ಚಿದರು. ಮಾಲಿಯ ಹೆಂಡತಿಯ ಕಾಗದದಲ್ಲಿ ಅಡುಗೆಮನೆಯಿಂದ ಗುಂಡಿಯವರೆಗೆ ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಬಿದ್ದು ಬೆರಳಿನಷ್ಟು ದಪ್ಪವಾಗಿದ್ದವು. ಬಾಗಿಲಲ್ಲಿ ಜರೀಗಿಡದ ಕುಂಡ ಹಿಡಿದು ನಿಂತಿದ್ದ ಮಾಲಿ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಮೇಡಂ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ದಾರಿಯಲ್ಲಿ ಒಗೆಯುವ ಕಲ್ಲಿದೆ, ತಂತಿಯಿದೆ, ಮರದ ಕೊಂಬೆ ತಗ್ಗಾಗಿದೆ, ಕೆಲಸದ ಮೇಲೆ ಹೋಗುವವರು ಇವನ್ನೆಲ್ಲ ಬಳಸಿಕೊಂಡು ಹೋಗುತ್ತಾರೆ, ನಡುವೆ ನಿಲ್ಲುತ್ತಾರೆ, ಬಟ್ಟೆ ಸರಿಸುತ್ತಾರೆ ಎಂದು ವಿವರಿಸಿದರು. ಈ ಕಾಗದದ ಗೆರೆಯೋ ಕಲ್ಲನ್ನೂ ದಾಟಿಕೊಂಡು ರೂಲು ಹಿಡಿದು ಎಳೆದಂತೆ ನೆಟ್ಟಗಿತ್ತು.

"ಇವರು ಕೆಲಸಕ್ಕೆ ಹೋದವರಲ್ಲ," ಎಂದರು ಮೇಡಂ. "ಎಣಿಸಲಿ ಅಂತ ಹೋದವರು."

ಹಾಲ್‌ನಲ್ಲಿ ಸಣ್ಣಗೆ ನಗು ಹರಿದಾಡಿತು. ಮಾಲಿ ಜರೀಗಿಡದ ಎಲೆಗಳ ಹಿಂದೆ ಮುಖ ಇಟ್ಟುಕೊಂಡ. ಮೇಡಂ ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳುತ್ತಿದ್ದದ್ದು ಎಲೆಗಳ ಸಂದಿಯಿಂದ ಕಂಡಿತು, ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ಅವಳು ಜಗಳವಾಡಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ರಾತ್ರಿಯ ಊಟಕ್ಕೆ ಮಾತ್ರ ಖಾರ ಮರಳಿ ಬಂತು. ಹೊಟ್ಟೆಯ ಸಂಗತಿಯೂ ಅವಳಿಗೆ ತಿಳಿಯಿತೆಂದು ಅದರಿಂದಲೇ ಅರ್ಥವಾಯಿತು. ಗುಂಡಿಯ ಕತೆ ಮುಗಿಯಿತೆಂದು ಅವನು ತೀರ್ಮಾನಿಸಿದ. ಮಾಗಿದ ಗೊಬ್ಬರವನ್ನಾದರೂ ಉಳಿಸಿಕೊಳ್ಳೋಣವೆಂದು ದಿನಕ್ಕೊಂದು ಸಲ ಹೋಗಿ ಸ್ವಲ್ಪ ಸ್ವಲ್ಪವೇ ಜರಡಿ ಹಿಡಿದು ಚೀಲಕ್ಕೆ ತುಂಬತೊಡಗಿದ. ಹೆಂಡತಿ ಪ್ರತಿ ಸಂಜೆ ಹಿತ್ತಿಲನ್ನೆಲ್ಲ ಗುಡಿಸಿ ಮೇಲೆ ನಯವಾದ ಮಣ್ಣು ಉದುರಿಸುತ್ತಿದ್ದದ್ದನ್ನು ನೋಡಿದ. ಬೆಂಚಿಗೆ ನೆಲ ಹದ ಮಾಡುತ್ತಿದ್ದಾಳೆ ಎಂದುಕೊಂಡು ನಿಟ್ಟುಸಿರು ಬಿಟ್ಟ.

ಬುಧವಾರ ಊಟಕ್ಕೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಟೇಪು. ಅವನನ್ನು ಒಳಗೆಳೆದುಕೊಂಡು ದನಿ ತಗ್ಗಿಸಿದಳು.

"ರೀ, ನಮ್ಮ ಹಿತ್ತಿಲಿಗೆ ಯಾರೋ ಬರ್ತಿದಾರೆ."

ವಿಷಯ ಹೀಗಿತ್ತು. ಯಾರಿಗೂ ಹೇಳದೆ ನೆಲದ ಮೇಲೆ ನಯವಾದ ಮಣ್ಣು ಹರಡಿ, ಬಿದ್ದ ಹೆಜ್ಜೆಗಳನ್ನು ಅಳೆದು ಬರೆಯಲು ಮೇಡಂ ಹೇಳಿಕೊಟ್ಟಿದ್ದರು. ಅವಳು ಭಾನುವಾರದಿಂದ ಅಳೆಯುತ್ತಿದ್ದಳು. ಹತ್ತೂವರೆ ಇಂಚಿನದು ಗಂಡನ ಹೆಜ್ಜೆ. ಪಕ್ಕದಲ್ಲಿ ಕೋಲಿನ ಚುಕ್ಕೆ ಇರುವುದು ತಾಯಿಯದು. ಇವೆರಡೂ ಅಲ್ಲದೆ ಎಂಟೂ ಮುಕ್ಕಾಲು ಇಂಚಿನ ಒಂದು ಹೆಂಗಸಿನ ಬರಿಗಾಲ ಹೆಜ್ಜೆ ದಿನಕ್ಕೆ ಎಂಟೊಂಬತ್ತು ಸಲ ನೇರ ಗೊಬ್ಬರದ ಗುಂಡಿಯವರೆಗೆ ಹೋಗಿ ಬರುತ್ತಿತ್ತು. ಒಗೆಯುವ ಕಲ್ಲನ್ನು ಬಳಸಿಕೊಂಡು, ಕೊಂಬೆಗೆ ಬಾಗಿ, ಮನೆಯ ಗುರುತು ಚೆನ್ನಾಗಿ ಇರುವವಳ ಹಾಗೆ. ಪಕ್ಕದ ಮನೆಯವಳ ಮೇಲೆ ಅವಳಿಗೆ ಅನುಮಾನ. ಚಪ್ಪಲಿಯ ಬಾರಿನ ಮಾದರಿ ನೋಡಬೇಕೆಂದು ನೆವ ಹೇಳಿ ಅವಳದನ್ನು ಇಸಿದುಕೊಂಡು ಅಳೆದೂ ನೋಡಿದ್ದಳು. ಒಂಬತ್ತೂವರೆ ಬಂತು. ಆದರೂ ಪಾದಕ್ಕಿಂತ ಚಪ್ಪಲಿ ದೊಡ್ಡದಿರಬಹುದಲ್ಲ.

ಮಾಲಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆಮ್ಮೆ. ಕದಿಯುವಷ್ಟು ಚೆನ್ನಾಗಿದೆ ತನ್ನ ಗೊಬ್ಬರ ಎಂದಾಯಿತಲ್ಲ. ಇದನ್ನು ಮುಚ್ಚಬೇಕು ಎನ್ನುವವಳಿಗೆ ಇನ್ನೇನು ಸಾಕ್ಷಿ ಬೇಕು? ಕಳ್ಳಿಯನ್ನು ಹಿಡಿದೇ ತೀರುತ್ತೇನೆಂದು ಅವನು ಗುರುವಾರ ಅರ್ಧ ದಿನ ರಜೆ ಹಾಕಿ, ಒಂದು ಕೋಲು ಹಿಡಿದು ಸೀಬೆ ಮರದ ಹಿಂದೆ ಕುಕ್ಕರಗಾಲಲ್ಲಿ ಕೂತ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೆಂಡತಿ ಒಮ್ಮೆ ಬೀನ್ಸಿನ ನಾರು ತಂದು ಗುಂಡಿಗೆ ಹಾಕಿ ಹೋದಳು. ಸ್ವಲ್ಪ ಹೊತ್ತಿಗೆ ಮೊಟ್ಟೆಯ ಚಿಪ್ಪು ತಂದಳು. ಮೂರನೆಯ ಸಲ ಸೋಸಿದ ಟೀ ಸೊಪ್ಪು ಹಿಡಿದು ಬಂದಾಗ ಅವನಿಗೆ ತಾಳ್ಮೆ ತಪ್ಪಿತು.

"ನೀನು ಹೀಗೆ ಓಡಾಡ್ತಿದ್ರೆ ಅವಳು ಬರ್ತಾಳೇನೆ? ಒಳಗೆ ಹೋಗು," ಎಂದು ಪಿಸುಗುಟ್ಟಿದ.

ಅವಳು ನಾಲಿಗೆ ಕಚ್ಚಿಕೊಂಡು, ತುದಿಗಾಲಲ್ಲಿ ಒಳಗೆ ಹೋದಳು. ಮೆಟ್ಟಿಲ ಮೇಲಿನ ಅತ್ತೆ ಇಬ್ಬರನ್ನೂ ನೋಡುತ್ತಿದ್ದಳು. ಯಾರನ್ನು ಕಾಯುತ್ತಿದ್ದೀರಿ ಎಂದು ಕೇಳಿದಳು. ಗೊಬ್ಬರಕ್ಕೆ ಬರುವ ಹೆಂಗಸನ್ನು ಎಂದ ಮಾಲಿ.

"ಈಗ ತಾನೇ ಬಂದು ಹೋದ್ಳಲ್ಲ, ನಿಮ್ಮ ಮೂಗಿನ ಮುಂದೇನೇ."

ಅತ್ತೆಗೆ ಕಣ್ಣು ಮಂಜಾಗುತ್ತಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಸಂಜೆ ಗಂಡ ಹೆಂಡತಿ ಮಾತಾಡಿಕೊಂಡರು.

ಶನಿವಾರ ಅವಳು ಕಾಗದ ತರಲಿಲ್ಲ, ಬಟ್ಟೆ ತಂದಳು. ಬಿಳಿಯ ಬಟ್ಟೆಯ ಮೇಲೆ ಹಿತ್ತಿಲ ನಕ್ಷೆ ಬರೆದು, ಒಂದೊಂದು ಓಡಾಟಕ್ಕೆ ಒಂದೊಂದು ಎಳೆಯಂತೆ ಹೆಜ್ಜೆಗಳನ್ನೆಲ್ಲ ದಾರದಲ್ಲಿ ಹೊಲಿದಿದ್ದಳು. ಗಂಡನದು ಕೆಂಪು, ತಾಯಿಯದು ಕಪ್ಪು, ಗುರುತು ಸಿಗದ ಹೆಂಗಸಿನದು ನೀಲಿ. ಕೆಂಪು ದಾರ ಅಲ್ಲೊಂದು ಇಲ್ಲೊಂದು. ಕಪ್ಪು ದಾರ ಮೆಟ್ಟಿಲಿನಿಂದ ಬಚ್ಚಲಿಗೆ. ನೀಲಿ ದಾರ ಮಾತ್ರ ಅಡುಗೆಮನೆಯ ಬಾಗಿಲಿಂದ ಹೊರಟು, ಕಲ್ಲನ್ನು ಸುತ್ತಿ, ತಂತಿಯ ಕೆಳಗೆ ನುಸುಳಿ, ಮರದ ಬಳಿ ಬಾಗಿ ಗುಂಡಿ ಸೇರುತ್ತಿತ್ತು. ಅರವತ್ತೊಂದು ಎಳೆ. ನೋಡಲು ಹೊಳೆ ಹರಿದಂತಿತ್ತು. ಮೇಡಂ ಮೊದಲ ಸಲ ಏನೂ ತಿದ್ದದೆ ಸುಮ್ಮನೆ ನಿಂತು ನೋಡಿದರು. ಇದು ನಿಜವಾದ ದಾರಿ ಎಂದರು. ಆಮೇಲೆ ನೀಲಿ ಯಾರದೆಂದು ಕೇಳಿದರು.

ಅದೇ ಗೊತ್ತಾಗುತ್ತಿಲ್ಲವೆಂದು ಅವಳು ಇಡೀ ತರಗತಿಗೆ ಕಳ್ಳಿಯ ಕತೆಯನ್ನು ಹೇಳಿದಳು. ಚಪ್ಪಲಿ ಅಳೆದದ್ದು, ಗಂಡ ಕೋಲು ಹಿಡಿದು ಕಾದದ್ದು, ಒಂದನ್ನೂ ಬಿಡಲಿಲ್ಲ. ಗಾರ್ಡು ತಮ್ಮ ಸರ್ವೀಸಿನಲ್ಲಿ ಟಿಕೆಟ್ಟಿಲ್ಲದವರನ್ನು ಹಿಡಿಯುತ್ತಿದ್ದ ಉಪಾಯವೊಂದನ್ನು ಹೇಳಲು ಎದ್ದರು. ಮೇಡಂ ಅವರನ್ನು ಕೂರಿಸಿ, ಅಡುಗೆಮನೆಯ ಬಾಗಿಲಿಂದ ಹೊರಡುವ ಕಳ್ಳಿ ಒಳಗೆ ಹೇಗೆ ಬಂದಳು ಎಂದು ಮೆಲ್ಲಗೆ ಕೇಳಿದರು. ಮಾಲಿಯ ಹೆಂಡತಿ ಬಟ್ಟೆಯನ್ನೇ ನೋಡುತ್ತ ನಿಂತಳು.

"ನಿಮ್ಮ ಹೆಜ್ಜೆ ಯಾವ ಬಣ್ಣದ್ದು?" ಎಂದರು ಮೇಡಂ.

"ನನ್ನದಾ? ನಾನೆಲ್ಲಿ ಹೋಗ್ತೀನಿ ಮೇಡಂ. ನಾನು ಇಡೀ ದಿನ ಮಿಷನ್ ಮುಂದೆ ಕೂತಿರ್ತೀನಲ್ಲ."

ಮೇಡಂ ನೆಲದ ಮೇಲೆ ಒಂದು ಖಾಲಿ ಕಾಗದ ಹಾಸಿದರು. ಅವಳು ಚಪ್ಪಲಿ ಕಳಚಿ ಪಾದ ಇಟ್ಟಳು. ಬಟ್ಟೆಗೆ ಗುರುತು ಹಾಕುವ ತನ್ನದೇ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು, ತನ್ನದೇ ಕುತ್ತಿಗೆಯ ಟೇಪು ತೆಗೆದು ಅಳೆದಳು. ಒಂದು ಸಲ ಅಳೆದು ಸಾಲದೆ ಇನ್ನೊಂದು ಸಲ ಅಳೆದಳು. ಅಂಕಿ ಹೇಳಲಿಲ್ಲ. ಪಕ್ಕದಲ್ಲಿ ಬಗ್ಗಿ ನೋಡಿದ ಗಾರ್ಡು ಹೇಳಿದರು.

"ಎಂಟೂ ಮುಕ್ಕಾಲು."

ಮೊದಲು ನಕ್ಕವನು ಬಾಗಿಲಲ್ಲಿದ್ದ ಮಾಲಿ. ಕೈಯಲ್ಲಿದ್ದ ಕುಂಡ ಅಲುಗಿ ಮಣ್ಣು ಚೆಲ್ಲಿತು. ಅವಳು ತಿರುಗಿ ನೋಡಿದಳು. ನೀನು ಓಡಾಡಿದರೆ ಕಳ್ಳಿ ಬರುವುದಿಲ್ಲ ಎಂದು ಬೈದು ಒಳಗೆ ಕಳಿಸಿದ್ದು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು; ನಗು ನಿಲ್ಲಿಸಿ, ಬಗ್ಗಿ ಚೆಲ್ಲಿದ ಮಣ್ಣನ್ನು ಕುಂಡಕ್ಕೆ ತುಂಬತೊಡಗಿದ. ಅಷ್ಟರಲ್ಲಿ ಹಾಲ್ ತುಂಬ ನಗು ಎದ್ದಿತ್ತು. ಕೊನೆಗೆ ಅವಳೂ ಬಾಯಿಗೆ ಟೇಪು ಅಡ್ಡ ಹಿಡಿದುಕೊಂಡು ನಕ್ಕಳು. ಸಿಪ್ಪೆ ಹಾಕಿ ಬರುವುದನ್ನು ಹೋಗುವುದು ಅಂತ ಯಾರಾದರೂ ಎಣಿಸುತ್ತಾರೆಯೇ, ಅದು ಅಡುಗೆಯಲ್ಲೇ ಸೇರಿದ್ದಲ್ಲವೇ ಎಂದು ಅವಳು ಮೇಡಂಗೆ ಹೇಳುತ್ತಿದ್ದಳು. ಎಣಿಸುವವರು ತಮ್ಮನ್ನು ಎಣಿಸಿಕೊಳ್ಳುವುದಿಲ್ಲ, ಪ್ರತಿ ತರಗತಿಯಲ್ಲೂ ಒಬ್ಬರಾದರೂ ಹೀಗೆ ಮಾಡುತ್ತಾರೆ ಎಂದು ಮೇಡಂ ಸಮಾಧಾನ ಹೇಳಿದರು.

ಮನೆಗೆ ಹೋಗುವ ದಾರಿಯಲ್ಲಿ ಮಾಲಿ ಸೈಕಲ್ ತಳ್ಳಿಕೊಂಡು ನಡೆದ. ಅವಳು ಬಟ್ಟೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಿಯಮದ ಪ್ರಕಾರ ಗುಂಡಿ ಉಳಿಯಿತು, ಅಲ್ಲವೇ ಎಂದು ಅವನು ಹೆದರುತ್ತಲೇ ಕೇಳಿದ. ಉಳಿಯಿತು ಎಂದಳು. ಅವನ ಹೆಗಲಿನಿಂದ ಮೂಟೆ ಇಳಿದಂತಾಯಿತು. ಎರಡು ಮಾರು ನಡೆದ ಮೇಲೆ ಅವಳು ಮುಂದಿನ ಮಾತು ಹೇಳಿದಳು.

"ಅರವತ್ತೊಂದು ಎಳೆ ನಂದು, ಒಂಬತ್ತು ನಿಮ್ಮದು. ಅಂದ್ಮೇಲೆ ಗುಂಡಿ ಯಾರದು?"

ಅವನು ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಸವರಿದ. ಹದಿನೆಂಟು ವರ್ಷ ಅಗೆದವನು, ತಿರುವಿದವನು, ಹೊತ್ತವನು ತಾನು ಎಂದು ಹೇಳಬೇಕೆನ್ನಿಸಿತು. ಆದರೆ ಹಾಕಿದವಳು ಯಾರು ಎಂದು ಅವಳು ಕೇಳಿದರೆ? ನಿನ್ನದೇ ಎಂದ.

ಮುಂದಿನ ವಾರ ಬೆಂಚು ಬಂತು, ಗುಂಡಿಯ ಮೇಲಲ್ಲ, ಗುಂಡಿಯ ಎದುರಿಗೆ. ಸೋಮವಾರ ಬೆಳಿಗ್ಗೆ ಮಾಲಿ ಎಂದಿನಂತೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಗುಂಡಿಯ ಬಳಿ ಬಂದಾಗ ಅವಳು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪಾರ್ಕಿನ ಡೇರೆಗೆ ಗೊಬ್ಬರ ಬೇಕಾಗಿದೆ, ಒಂದು ಚೀಲ ಒಯ್ಯಲೇ ಎಂದು ಅವನು ಕೇಳಿದ. ಹೀಗೆ ಕೇಳಿದ್ದು ಅದೇ ಮೊದಲು. ಅವಳು ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಯ ಮಾಗುತ್ತಿದ್ದ ಬದಿಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಮುಷ್ಟಿ ತೆಗೆದಳು. ಗಟ್ಟಿಯಾಗಿ ಹಿಂಡಿದಳು. ಮೂಗಿನ ಬಳಿ ಹಿಡಿದಳು.

"ಇನ್ನೂ ಬಿಸಿ ಇದೆ, ಪೂರ್ತಿ ಮಾಗಿಲ್ಲ. ಒಂದು ವಾರ ಬಿಡಿ."

"ನಿನಗೆ ಯಾರು ಹೇಳಿಕೊಟ್ರು ಇದನ್ನ, ಮೇಡಂ ಏನು?"

"ಹದಿನೆಂಟು ವರ್ಷ ಕಿಟಕಿಯಿಂದ ಏನು ನೋಡ್ತಿದ್ದೆ ಅಂದ್ಕೊಂಡ್ರಿ?"

ಅವನು ನಂಬದೆ ತಾನೂ ಕೈ ಹಾಕಿ ಒಂದು ಮುಷ್ಟಿ ತೆಗೆದ. ಹಿಂಡಿದ. ಬೆರಳ ಸಂದಿಯಲ್ಲಿ ಬಿಸಿ ಆವಿ ಆಡಿತು, ಒಳಗೆ ಒಂದು ಸಿಪ್ಪೆಯ ಎಳೆ ಇನ್ನೂ ಕರಗದೆ ಉಳಿದಿತ್ತು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅವನು ಮುಷ್ಟಿಯನ್ನು ವಾಪಸು ಗುಂಡಿಗೆ ಬಿಟ್ಟು, ಮೇಲೆ ಒಂದಿಷ್ಟು ಒಣ ಎಲೆ ಎಳೆದು, ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಸೈಕಲ್ಲಿಗೆ ಸಿಕ್ಕಿಸಿ ಕೆಲಸಕ್ಕೆ ಹೊರಟ.